ಮೊಲ ಒಳಗೋ, ಹೊರಗೋ?

ಡಿಸೆಂಬರದ ಎರಡನೆಯ ವಾರ ಬಂತೆಂದರೆ ಮುಂಬಯಿಯ ಜನಕ್ಕೊಂದು ಸಂಭ್ರಮ. ಸ್ವೆಟರುಗಳು ಕಪಾಟಿನಿಂದ ಹೊರಬೀಳುತ್ತವೆ. ಬೆಳಗಿನ ಲೋಕಲಿನ ಡಬ್ಬಿಯಲ್ಲೆಲ್ಲ ನುಸಿಗುಳಿಗೆಯ ವಾಸನೆ. ಮರಾಠಿ ಪತ್ರಿಕೆಗಳು ಇದನ್ನು ‘ಗುಲಾಬಿ ಥಂಡಿ’ ಎಂದು ಕರೆದು ಸಂತೋಷಪಡುತ್ತವೆ. ಇದೇ ಕಾಲಕ್ಕೆ ಮೊಲ ಸಾಕಿದ ಮನೆಗಳಲ್ಲಿ ಒಂದು ವಾದ ಶುರುವಾಗುತ್ತದೆ: ಈ ಚಳಿಯಲ್ಲಿ ಮೊಲವನ್ನು ಮನೆಯೊಳಗೆ ಇಡಬೇಕೋ, ಹೊರಗೆ ಗ್ರಿಲ್ಲಿನಲ್ಲಿ ಇಡಬೇಕೋ?

ಮೊಲ ಸಾಕಿದ ಮನೆ ಎಂದರೆ ನಗಬೇಡಿ. ನಮ್ಮ ಕನ್ನಡಿಗರ ಮನೆಗಳಲ್ಲೇ ನೀವು ಎಣಿಸಿದ್ದಕ್ಕಿಂತ ಹೆಚ್ಚು ಮೊಲಗಳಿವೆ. ನಾಯಿ ಸಾಕೋಣವೆಂದರೆ ಸೊಸೈಟಿಯವರ ಮುಖ ಗಂಟು. ಬೆಕ್ಕಿಗೆ ಮನೆಯ ಅಜ್ಜಿಯ ವಿರೋಧ. ಮೊಲವಾದರೋ ಬೊಗಳುವುದಿಲ್ಲ, ಕಚ್ಚುವುದು ಅಪರೂಪ, ಮೇಲಾಗಿ ಶುದ್ಧ ಶಾಕಾಹಾರಿ. ಮಗು ಕ್ರಾಫರ್ಡ್ ಮಾರ್ಕೆಟ್ಟಿನ ಪಂಜರದ ಮುಂದೆ ನಿಂತು ಅತ್ತರೆ ತಂದೆಯಾದವನು ಇನ್ನೇನು ಮಾಡಬಲ್ಲ? ರಟ್ಟಿನ ಡಬ್ಬಿಗೆ ನಾಲ್ಕು ತೂತು ಕೊರೆಸಿ, ಅದನ್ನು ತೊಡೆಯ ಮೇಲಿಟ್ಟುಕೊಂಡು ರೈಲು ಹತ್ತುತ್ತಾನೆ.

ಈ ವಾದದಲ್ಲಿ ಎರಡು ಪಕ್ಷಗಳಿವೆ. ‘ಪ್ರಾಣಿ ಎಂದ ಮೇಲೆ ಹೊರಗೇ ಇರತಕ್ಕದ್ದು, ಊರಲ್ಲಿ ಮೊಲಗಳಿಗೆ ಕಂಬಳಿ ಹೊದೆಸುವವರು ಯಾರು?’ ಎನ್ನುವುದು ಹೊರಗಿನ ಪಕ್ಷ. ‘ಅಯ್ಯೋ ಪಾಪ, ಚಳಿಗೆ ಸತ್ತೇ ಹೋದೀತು, ಒಳಗೆ ತನ್ನಿ, ಕಂಬಳಿ ಸುತ್ತಿ’ ಎನ್ನುವುದು ಒಳಗಿನ ಪಕ್ಷ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆ ಹುಟ್ಟಿದ್ದು ಇವರಿಬ್ಬರ ಸಲುವಾಗಿಯೇ ಇರಬೇಕು. ಮೊಲವನ್ನು ಒಳಗೇ ಇಡಬೇಕೆಂದು ನನ್ನ ಅಭಿಪ್ರಾಯ. ಆದರೆ ಅದಕ್ಕೂ ಚಳಿಗೂ ಸಂಬಂಧವಿಲ್ಲ. ಇಲ್ಲದ ಚಳಿಯ ಹೆಸರಿನಲ್ಲಿ ಎರಡೂ ಪಕ್ಷದವರು ಮೊಲಗಳನ್ನು ಕೊಲ್ಲುತ್ತಿದ್ದಾರೆ. ನಾನೂ ಕೊಂದವನೇ, ಆದ್ದರಿಂದ ಹೇಳಲು ಅಧಿಕಾರವಿದೆಯೆಂದು ಭಾವಿಸಿದ್ದೇನೆ.

ನಡೆದದ್ದು ಇಷ್ಟು. ನಮ್ಮ ಮೊದಲನೆಯ ಮೊಲ ಅಡಿಗೆಮನೆಯ ಕಿಟಕಿಯಾಚೆಯ ಪೆಟ್ಟಿಗೆ ಗ್ರಿಲ್ಲಿನಲ್ಲಿ, ತಗಡಿನ ಛಜ್ಜಾದ ಕೆಳಗೆ ವಾಸವಾಗಿತ್ತು. ಒಂದು ಜನವರಿಯಲ್ಲಿ ಚಳಿ ಇನ್ನೂ ಏರುತ್ತದೆಂದು ಸುದ್ದಿ ಬಂತು. ನಾವು ಪಂಜರದ ಮೂರು ಬದಿಗೆ ಹಳೆಯ ರಗ್ಗನ್ನು ಸುತ್ತಿ, ಇಬ್ಬನಿ ತಾಗದಿರಲೆಂದು ಅದರ ಮೇಲೆ ಪ್ಲಾಸ್ಟಿಕ್ ಹೊದೆಸಿ, ಪುಣ್ಯ ಕಟ್ಟಿಕೊಂಡವರಂತೆ ಮಲಗಿದೆವು. ಮಾರನೆಯ ದಿನ ಎಲ್ಲರೂ ಎಂದಿನಂತೆ ಬೆಳಿಗ್ಗೆಯೇ ಹೊರಟೆವು, ನಾನು ಆಫೀಸಿಗೆ, ಮಕ್ಕಳು ಶಾಲೆಗೆ. ರಗ್ಗು ತೆಗೆಯುವುದು ಯಾರಿಗೂ ನೆನಪಾಗಲಿಲ್ಲ. ಸಾಯಂಕಾಲ ಏಳಕ್ಕೆ ಬಂದು ನೋಡಿದರೆ ಮೊಲ ಮಗ್ಗುಲಾಗಿ ಬಿದ್ದಿತ್ತು, ಬಾಯಿ ತೆರೆದಿತ್ತು. ಅಕ್ಕಪಕ್ಕದವರು ಬಂದು, ಚಳಿಗೆ ಹೋಯಿತು ಎಂದರು. ನಾವೂ ಹಾಗೆಯೇ ನಂಬಿದೆವು. ಚಿಕ್ಕವಳಂತೂ ಎರಡು ರಗ್ಗು ಹಾಕಬೇಕಿತ್ತು ಎಂದು ಅತ್ತಳು.

ಕೆಲವು ತಿಂಗಳ ಮೇಲೆ ಒಬ್ಬ ಪಶುವೈದ್ಯರ ಹತ್ತಿರ ಈ ಮಾತು ಬಂದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ನಿಮ್ಮ ಕಿಟಕಿ ಯಾವ ದಿಕ್ಕಿಗಿದೆ?’ ಪಶ್ಚಿಮಕ್ಕೆ. ಅವರು ಮತ್ತೇನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮುಂದಿನ ಜನವರಿಯಲ್ಲಿ ಗೋಡೆಯ ಉಷ್ಣಮಾಪಕವೊಂದನ್ನು ತಂದು ಅದೇ ಖಾಲಿ ಗ್ರಿಲ್ಲಿನಲ್ಲಿ ತೂಗುಹಾಕಿದೆ. ರವಿವಾರ ಬೆಳಿಗ್ಗೆ ಆರಕ್ಕೆ 17 ಡಿಗ್ರಿ. ಅದೇ ದಿನ ಮಧ್ಯಾಹ್ನ ಮೂರಕ್ಕೆ, ತಗಡಿನ ಕೆಳಗೆ, 38. ರಗ್ಗೂ ಇರಲಿಲ್ಲ, ಪ್ಲಾಸ್ಟಿಕ್ಕೂ ಇರಲಿಲ್ಲ.

ಮುಂಬಯಿಯ ಚಳಿಯ ಗುಟ್ಟು ಇದು. ಸಾಂತಾಕ್ರೂಜ್ ಹವಾಮಾನ ಕೇಂದ್ರದ ಲೆಕ್ಕದಲ್ಲಿ ಜನವರಿಯ ಸರಾಸರಿ ಕನಿಷ್ಠ ಉಷ್ಣತೆ 17ರ ಆಸುಪಾಸು, ಗರಿಷ್ಠ 31ರ ಆಸುಪಾಸು. ಸ್ವೆಟರು ಹಾಕಿಕೊಂಡು ಹೊರಟವನು ಮಧ್ಯಾಹ್ನ ಅದನ್ನು ಕುರ್ಚಿಯ ಬೆನ್ನಿಗೆ ನೇತುಹಾಕಿ ಫ್ಯಾನಿನ ಕೆಳಗೆ ಕೂರುತ್ತಾನೆ. ಮೊಲವೇನು ಮಾಡಬೇಕು? ಅದು ತನ್ನ ತುಪ್ಪಳವನ್ನು ಎಲ್ಲಿಗೆ ನೇತುಹಾಕಬೇಕು?

ಪ್ರಾಣಿಶಾಸ್ತ್ರದಲ್ಲಿ ನಾನು ಪಡೆದ ಅಂಕಗಳು ಹೇಳಿಕೊಳ್ಳುವಂತಹವಲ್ಲ. ಆದರೂ ಇಷ್ಟು ನೆನಪಿದೆ. ಮೊಲದ ಮೈಯ ಸಹಜ ಉಷ್ಣತೆ 38.5ರಿಂದ 40 ಡಿಗ್ರಿ. ಅದು ನಮ್ಮಂತೆ ಬೆವರುವುದಿಲ್ಲ, ನಾಯಿಯಷ್ಟು ಚೆನ್ನಾಗಿ ತೇಕಿ ಶಾಖ ಕಳೆದುಕೊಳ್ಳಲೂ ಆರದು. ಅದಕ್ಕಿರುವ ಮುಖ್ಯ ಉಪಾಯವೆಂದರೆ ಆ ಎರಡು ಉದ್ದ ಕಿವಿಗಳು. ಅವುಗಳ ತೆಳು ಚರ್ಮದಲ್ಲಿ ಹರಿಯುವ ರಕ್ತ ಗಾಳಿಗೆ ಶಾಖವನ್ನು ಬಿಟ್ಟುಕೊಡುತ್ತದೆ. ಸುತ್ತಲಿನ ಗಾಳಿಯೇ ಮೈಯಷ್ಟು ಬಿಸಿಯಾದಾಗ ಕಿವಿ ಏನು ಮಾಡೀತು? ಸುಮಾರು 15ರಿಂದ 20 ಡಿಗ್ರಿ ಮೊಲಕ್ಕೆ ಹಿತವಾದ ಹವೆ. 30 ದಾಟಿತೆಂದರೆ ಸಂಕಟ. ಅಂದರೆ, ನಾವು ಹಲ್ಲು ಕಡಿಯುತ್ತ ಚಹಾ ಕುಡಿಯುವ ಜನವರಿಯ ಬೆಳಗು, ಇಡೀ ವರ್ಷದಲ್ಲಿ ಮುಂಬಯಿಯ ಮೊಲ ಸುಖವಾಗಿ ಉಸಿರಾಡುವ ಹೊತ್ತು. ಅದೇ ಹೊತ್ತಿನಲ್ಲಿ ನಾವು ಕಂಬಳಿ ಹಿಡಿದು ಅದರ ಮೇಲೆ ಬೀಳುತ್ತೇವೆ!

ಸಾಂತಾಕ್ರೂಜಿನಲ್ಲಿ ದಾಖಲಾದ ಅತ್ಯಂತ ಕಡಿಮೆ ಉಷ್ಣತೆ 7.4 ಡಿಗ್ರಿ, 1962ರ ಜನವರಿ 22ರಂದು. ಅದೇ ದಿನ ಕೊಲಾಬಾದಲ್ಲಿ 11.7. ಒಣಗಿದ, ಆರೋಗ್ಯವಂತ ಪ್ರಾಯದ ಮೊಲಕ್ಕೆ ಅಂಥ ರಾತ್ರಿಯೂ ಕಂಟಕವಲ್ಲ. ಬೋನು ಒಳಗೆ ತನ್ನಿ, ಬಿಸಿನೀರಿನ ಚೀಲ ಇಡಿ ಎಂದು ಬರೆದಿರುವುದು ವಿಲಾಯಿತಿಯ ಪುಸ್ತಕಗಳಲ್ಲಿ. ಅಲ್ಲಿ ಬಟ್ಟಲಿನ ನೀರು ರಾತ್ರಿ ಹೆಪ್ಪುಗಟ್ಟುತ್ತದೆ. ನಮ್ಮ ದೇಶದಲ್ಲೇ ಕುಲು ಕಣಿವೆಯ ಗಡ್ಸಾದಲ್ಲಿ ಕೇಂದ್ರ ಸರಕಾರದ ಕುರಿ ಮತ್ತು ಉಣ್ಣೆ ಸಂಶೋಧನ ಸಂಸ್ಥೆಯ ಕೇಂದ್ರವಿದೆ, ಅಲ್ಲಿ ಅಂಗೋರಾ ಮೊಲಗಳನ್ನು ಸಾಕುತ್ತಾರೆ. ಮೈಯ ಉಣ್ಣೆ ಕತ್ತರಿಸಿದ ಮೊಲಕ್ಕೆ ಹಿಮಾಲಯದ ಚಳಿಯಲ್ಲಿ ಕಾಪು ಬೇಕೇ ಬೇಕು. ಕುಲುವಿನ ಸಲಹೆಯನ್ನು ಕುರ್ಲಾದಲ್ಲಿ ಪಾಲಿಸುವುದೆಂದರೆ ಕೆಳಗಿನ ಕಾಗದವನ್ನು ಓದದೆ ಮೇಲಿನ ಟಿಪ್ಪಣಿಗೆ ಸಹಿ ಹಾಕಿದಂತೆ. ಆ ಕೆಲಸದಲ್ಲಿ ನಾವು ನಿಪುಣರೆಂಬುದು ಬೇರೆ ಮಾತು.

ಹಾಗಾದರೆ ಹೊರಗಿನ ಪಕ್ಷ ಗೆದ್ದಿತೇ? ಅವರು ಅವಸರಪಡಬಾರದು.

‘ಊರಲ್ಲಿ ಮೊಲ ಬಯಲಲ್ಲೇ ಇರುತ್ತದೆ’ ಎಂಬ ಅವರ ಮಾತು ನಿಜ, ಆದರೆ ಅದು ಬೇರೆ ಪ್ರಾಣಿಯ ವಿಷಯ. ತಪ್ಪು ನಮ್ಮ ಭಾಷೆಯದು. ಇಂಗ್ಲಿಷಿನಲ್ಲಿ ಹೇರ್ ಬೇರೆ, ರ್‍ಯಾಬಿಟ್ ಬೇರೆ. ನಮಗೆ ಎರಡೂ ಮೊಲ, ಮರಾಠಿಗರಿಗೆ ಎರಡೂ ಸಸಾ. ನಮ್ಮೂರ ಕುರುಚಲು ಕಾಡಿನಲ್ಲಿ ಕಾಲಡಿಯಿಂದ ಚಿಮ್ಮಿ ಓಡುವುದು ಕಾಡುಮೊಲ, ಲೀಪಸ್ ನಿಗ್ರಿಕೋಲಿಸ್. ಅದು ಬಿಲ ತೋಡುವುದಿಲ್ಲ, ಹುಲ್ಲಿನ ನಡುವೆ ಅಂಗೈಯಷ್ಟು ತಗ್ಗು ಮಾಡಿಕೊಂಡು ಮಲಗುತ್ತದೆ. ಅದರ ಮರಿ ಹುಟ್ಟುವಾಗಲೇ ಕಣ್ಣು ತೆರೆದಿರುತ್ತದೆ, ಮೈತುಂಬ ಕೂದಲಿರುತ್ತದೆ. ಮಾರ್ಕೆಟ್ಟಿನಿಂದ ನಾವು ತರುವುದು ಒರಿಕ್ಟೊಲೇಗಸ್ ಕ್ಯುನಿಕ್ಯುಲಸ್, ಸ್ಪೇನ್ ಕಡೆಯ ಬಿಲವಾಸಿಯ ವಂಶ. ಅದರ ಮರಿ ಹುಟ್ಟುವಾಗ ಕುರುಡು, ಬೆತ್ತಲೆ. ತಾಯಿ ತನ್ನ ಮೈಯ ಕೂದಲನ್ನೇ ಕಿತ್ತು ಬಿಲದಲ್ಲಿ ಹಾಸಿಗೆ ಮಾಡುತ್ತದೆ. ಮೊದಲನೆಯದಕ್ಕೆ 48 ವರ್ಣತಂತುಗಳು, ಎರಡನೆಯದಕ್ಕೆ 44. ತುಂಗಭದ್ರೆಯ ದಡದಲ್ಲಿ ಹಕ್ಕ-ಬುಕ್ಕರ ಬೇಟೆನಾಯಿಗಳಿಗೆ ತಿರುಗಿ ನಿಂತಿತೆಂದು ಐತಿಹ್ಯ ಹೇಳುವ ಮೊಲ ಆ ಕಾಡುಮೊಲ. ಅದರ ಜಾಗದಲ್ಲಿ ನಮ್ಮ ಕೆಂಪುಗಣ್ಣಿನ ಬಿಳಿ ಮೊಲವಿದ್ದಿದ್ದರೆ ವಿಜಯನಗರ ಕಟ್ಟಲು ಬೇರೊಂದು ಶಕುನ ಹುಡುಕಬೇಕಾಗುತ್ತಿತ್ತು.

ಸಾಕುಮೊಲದ ಪೂರ್ವಿಕರು ಹಗಲೆಲ್ಲ ನೆಲದೊಳಗೆ ಇದ್ದು, ಮುಂಜಾವಕ್ಕೂ ಮುಸ್ಸಂಜೆಗೂ ಮೇಯಲು ಹೊರಬರುತ್ತಿದ್ದವು. ಬಿಲದಲ್ಲಿ ಬೆಳಿಗ್ಗೆ 17, ಮಧ್ಯಾಹ್ನ 38 ಎಂಬ ಆಟ ಇಲ್ಲ. ನೆಲದಡಿಯ ಹವೆ ದಿನವಿಡೀ ಹೆಚ್ಚುಕಡಿಮೆ ಒಂದೇ. ಗಾಳಿಯ ಹೊಡೆತವಿಲ್ಲ, ಬೆಳಕಿನ ಚುಚ್ಚುವಿಕೆಯಿಲ್ಲ, ಬೆನ್ನ ಹಿಂದೆ ಯಾರೂ ಬರಲಾರರು. ಪ್ರಕೃತಿಯ ಹೆಸರೆತ್ತಿ ಮೊಲವನ್ನು ಹೊರಗಟ್ಟುವವರು ಇದನ್ನು ಗಮನಿಸಬೇಕು: ಪ್ರಕೃತಿಯೇ ಅದನ್ನು ಮನೆಯೊಳಗಿನ ಪ್ರಾಣಿಯಾಗಿ ಮಾಡಿದೆ.

ಇನ್ನು ಮುಂಬಯಿಯಲ್ಲಿ ‘ಹೊರಗೆ’ ಎಂದರೆ ಏನು? ಅಂಗಳವೇ? ಹಿತ್ತಿಲೇ? ನಾಲ್ಕನೆಯ ಮಹಡಿಯ ಗೋಡೆಗೆ ಮೊಳೆ ಹೊಡೆದ ಕಬ್ಬಿಣದ ಪೆಟ್ಟಿಗೆ. ಕೆಳಗೆ ಸರಳು, ಮೇಲೆ ತಗಡು, ಒಂದು ಮಗ್ಗುಲಿಗೆ ಒಣಗಲು ಹಾಕಿದ ಬಟ್ಟೆ, ಇನ್ನೊಂದು ಮಗ್ಗುಲಿಗೆ ತುಳಸಿ ಗಿಡ ಮತ್ತು ಒಡೆದ ಬಾಲ್ದಿ. ಸರಳಿಗೆ ಕೊಕ್ಕು ತೂರಿಸುವ ಕಾಗೆ, ನಳಿಗೆ ಹಿಡಿದು ಏರುವ ಹೆಗ್ಗಣ, ರಾತ್ರಿ ಛಜ್ಜಾದ ಮೇಲೆ ನಡೆಯುವ ಬೆಕ್ಕು. ಬೆಕ್ಕು ಮುಟ್ಟಲೇಬೇಕೆಂದಿಲ್ಲ, ಭಯಕ್ಕೇ ಮೊಲ ಪ್ರಾಣ ಬಿಡಬಹುದು. ಮುಲುಂಡ್, ಬೋರಿವಲಿಯ ಕಡೆ ನೆಲಮಾಳಿಗೆಯಲ್ಲಿ ಅಂಗಳವುಳ್ಳ ಭಾಗ್ಯವಂತರೂ ಇದ್ದಾರೆ. ಅವರ ಬೆನ್ನಿಗೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನವಿದೆ, ಅದರಲ್ಲಿ ಚಿರತೆಗಳಿವೆ. ಹೆಚ್ಚು ಹೇಳಬೇಕಾಗಿಲ್ಲ.

ಚಳಿಯೇ ಮುಟ್ಟದ ಮೊಲವಿಲ್ಲವೆಂದು ನಾನು ಹೇಳಿಲ್ಲ. ಮುದಿ ಮೊಲ, ರೋಗದ ಮೊಲ, ಎಳೆಯ ಮರಿ, ಇವಕ್ಕೆ ಚಳಿ ತಾಗುತ್ತದೆ. ಮರಿ ಎಂಟು ವಾರವಾದರೂ ತಾಯಿಯ ಬಳಿ ಇರಬೇಕು. ಮಾರುವವರು ‘ಇಷ್ಟೇ ದೊಡ್ಡದಾಗುತ್ತದೆ ಸಾಹೇಬ್’ ಎಂದು ಅಂಗೈಯಲ್ಲಿಟ್ಟು ತೋರಿಸುವ ಮರಿಗಳಲ್ಲಿ ಎಷ್ಟಕ್ಕೆ ಅಷ್ಟು ವಯಸ್ಸಾಗಿರುತ್ತದೆಯೋ ದೇವರೇ ಬಲ್ಲ. ಅದಕ್ಕಿಂತ ಕೆಟ್ಟದ್ದು ಒದ್ದೆ. ದಿನ ಬೆಳಗಾದರೆ ನಳ ಬಿಟ್ಟು ಗ್ರಿಲ್ಲನ್ನೂ ಮೊಲವನ್ನೂ ಒಟ್ಟಿಗೆ ತೊಳೆಯುವ ಮನೆಗಳನ್ನು ಕಂಡಿದ್ದೇನೆ. ನೆಂದ ತುಪ್ಪಳಕ್ಕೆ ಬೆಳಗಿನ ಗಾಳಿ ಬಡಿದರೆ 17 ಡಿಗ್ರಿಯೂ ಸಾಕು. ಮೂಗು ಸೋರಿ, ಉಸಿರು ಗೊರಗುಟ್ಟಿದ ಮೇಲೆ ಮತ್ತೆ ಅದೇ ಮಾತು, ಚಳಿಗೆ ಹೋಯಿತು!

ಒಳಗಿನ ಪಕ್ಷದವರಿಗೂ ಒಂದು ಮಾತು. ಒಳಗೆ ಎಂದರೆ ಬಚ್ಚಲುಮನೆಯಲ್ಲ, ಗ್ಯಾಸಿನ ಸಿಲಿಂಡರಿನ ಹಿಂಬದಿಯೂ ಅಲ್ಲ. ಏಸಿಯ ಕೆಳಗೆ ರಾತ್ರಿ ಕಳೆದ ಮೊಲವನ್ನು ಹಗಲು ಗ್ಯಾಲರಿಗೆ ಹಾಕುವುದು ಅದನ್ನು ಹೊರಗೆ ಇಟ್ಟುದಕ್ಕಿಂತ ಕೆಟ್ಟದ್ದು. ಬಿಸಿಲು ಬೀಳದ, ಗಾಳಿ ನೇರವಾಗಿ ಹೊಡೆಯದ ಒಂದು ಮೂಲೆ ಸಾಕು. ನುಣುಪಾದ ಟೈಲಿನ ಮೇಲೆ ಅದರ ಕಾಲು ಜಾರುತ್ತದೆ, ಗೋಣಿತಾಟು ಹಾಸಿ. ಅಡಗಲು ಒಂದು ಮರದ ಪೆಟ್ಟಿಗೆ ಬೋರಲು ಹಾಕಿ. ಅದೇ ಅದರ ಬಿಲ. ಕ್ಯಾಬೇಜಿನ ಎಲೆ, ಬಿಸ್ಕೀಟು ಬಿಟ್ಟು ಒಣಹುಲ್ಲು ಕೊಡಿ. ಆ ಹುಲ್ಲು ಹೊಟ್ಟೆಯಲ್ಲಿ ಹುದುಗುವಾಗ ಹುಟ್ಟುವ ಶಾಖವೇ ಮೊಲದ ಕಂಬಳಿ. ಉಚ್ಚೆಯನ್ನು ದಿನವೂ ತೆಗೆಯಿರಿ, ಅದರ ಅಮೋನಿಯಾ ನಮ್ಮ ಮೂಗಿಗಿಂತ ಮೊದಲು ನೆಲದಲ್ಲಿರುವ ಅದರ ಮೂಗಿಗೆ ತಾಗುತ್ತದೆ.

ಇದಕ್ಕೆ ಬರುವ ಆಕ್ಷೇಪಗಳು ನನಗೆ ಬಾಯಿಪಾಠ. ವಾಸನೆ ಬರುತ್ತದೆ: ತೊಳೆಯದಿದ್ದರೆ ಯಾರಿಂದ ಬರುವುದಿಲ್ಲ? ಮೊಬೈಲಿನ ವಾಯರು ಕಡಿಯುತ್ತದೆ: ನಿಜ, ಅದರ ಹಲ್ಲು ಜೀವಮಾನವಿಡೀ ಬೆಳೆಯುತ್ತದೆ, ಕಡಿಯದೆ ವಿಧಿಯಿಲ್ಲ, ವಾಯರನ್ನು ಮೇಲೆ ಕಟ್ಟಿ. ಕೊನೆಯ ಆಕ್ಷೇಪ ಜಾಗದ್ದು. ‘ಒಂದು ಕೋಣೆ, ಒಂದು ಅಡಿಗೆಮನೆ, ಐದು ಜನ, ಮೊಲಕ್ಕೆ ಎಲ್ಲಿಂದ ತರಲಿ ಜಾಗ?’ ಮುಂಬಯಿಯಲ್ಲಿ ಈ ಪ್ರಶ್ನೆಯನ್ನು ಹಗುರಾಗಿ ತೆಗೆದುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ನನ್ನ ಉತ್ತರ ಕಠಿಣವೆನಿಸಬಹುದು: ಜಾಗವಿಲ್ಲದಿದ್ದರೆ ತರಬೇಡಿ. ಮೊಲ ಎಂಟು ಹತ್ತು ವರ್ಷ ಬದುಕುವ ಪ್ರಾಣಿ. ಮಗು ಎರಡನೆಯ ಇಯತ್ತೆಯಲ್ಲಿ ಅತ್ತು ತರಿಸಿಕೊಂಡದ್ದು ಹತ್ತನೆಯ ಇಯತ್ತೆಯ ಪರೀಕ್ಷೆಗೂ ಮನೆಯಲ್ಲಿ ಇರಬೇಕಾದದ್ದು. ಬೇಸರ ಬಂದ ಮೇಲೆ ಗ್ರಿಲ್ಲಿಗೆ ಹಾಕಿ, ‘ಅದಕ್ಕೆ ಹೊರಗಿನ ಗಾಳಿ ಬೇಕು’ ಎನ್ನುವುದು ಸುಳ್ಳು. ವಾದದಲ್ಲಿ ನನಗೆ ಸಿಟ್ಟು ಬರುವುದು ಈ ಸುಳ್ಳಿಗೆ.

ಕಾಯ್ದೆಯೂ ಇದೆ. ಪ್ರಾಣಿಹಿಂಸೆ ತಡೆಯುವ 1960ರ ಕಾಯ್ದೆಯ 11ನೆಯ ಕಲಮಿನ ಪ್ರಕಾರ, ಪ್ರಾಣಿ ಅಲುಗಾಡಲು ಸಾಕಷ್ಟು ಎತ್ತರ, ಉದ್ದ, ಅಗಲವಿಲ್ಲದ ಪಂಜರದಲ್ಲಿ ಅದನ್ನು ಇಡುವುದು ಅಪರಾಧ. ಮೊದಲ ತಪ್ಪಿಗೆ ಅದರಲ್ಲಿ ಬರೆದಿರುವ ದಂಡ 10 ರೂಪಾಯಿಗಿಂತ ಕಡಿಮೆಯಿಲ್ಲದೆ, 50ರವರೆಗೆ. ಟಿಕೇಟಿಲ್ಲದೆ ಲೋಕಲಿನಲ್ಲಿ ಸಿಕ್ಕಿಬಿದ್ದರೆ ಕನಿಷ್ಠ 250 ರೂಪಾಯಿ ದಂಡ. ದಾದರದಿಂದ ಮಾಟುಂಗಾಕ್ಕೆ ಕಳ್ಳಪ್ರಯಾಣ ಮಾಡುವುದು ಮೊಲವನ್ನು ಡಬ್ಬಿಯಲ್ಲಿ ಬೇಯಿಸುವುದಕ್ಕಿಂತ ದೊಡ್ಡ ಅಪರಾಧವೆಂದಾಯಿತು.

ನಮ್ಮ ಎರಡನೆಯ ಮೊಲ ಈಗ ಅಡಿಗೆಮನೆಯ ಹೊಸ್ತಿಲ ಬಳಿ, ಅಕ್ಕಿಯ ಡಬ್ಬದ ಪಕ್ಕದಲ್ಲಿ ವಾಸವಾಗಿದೆ. ಐದು ಚಳಿಗಾಲ ಕಂಡಿದೆ, ಒಂದಕ್ಕೂ ಕಂಬಳಿ ಹೊದ್ದಿಲ್ಲ. ಗ್ರಿಲ್ಲಿನಲ್ಲಿ ಈಗ ಬರೀ ತುಳಸಿ. ನನ್ನ ಮಾತನ್ನು ಒಪ್ಪದವರು ಸಂಪಾದಕರಿಗೆ ಧಾರಾಳವಾಗಿ ಬರೆಯಲಿ. ಬರೆಯುವ ಮೊದಲು ಒಂದು ರವಿವಾರ ಮಧ್ಯಾಹ್ನ ಮೂರಕ್ಕೆ ಕಿಟಕಿಯಿಂದ ಕೈಚಾಚಿ ತಮ್ಮ ಛಜ್ಜಾದ ತಗಡನ್ನೊಮ್ಮೆ ಮುಟ್ಟಿ ನೋಡಿ ಬರೆಯಲಿ.