ಅವ್ವನ ಮೊಣಕಾಲು ಮತ್ತು ಐದು ವರ್ಷದ ಬೇಲಿ

ತುಂಬಾ ದಿನದಿಂದ ಈ ಕಡೆ ತಲೆ ಹಾಕಿರಲಿಲ್ಲ. ಕಾರಣ ಅವ್ವನ ಮೊಣಕಾಲು. ದೊಡ್ಡಉಳ್ಳಾರ್ತಿಯ ಹೊಲದಲ್ಲಿ ವರ್ಷಗಟ್ಟಲೆ ಶೇಂಗಾ ಕಿತ್ತ ಕಾಲು, ಅಮೆರಿಕದ ಮನೆಯ ಮೆಟ್ಟಿಲು ಹತ್ತೋಕೆ ಒಲ್ಲೆ ಅಂತಿದೆ.

ಅವ್ವನಿಗೆ 67. ನಾನು ಇಲ್ಲಿನ ಸಿಟಿಜನ್ ಆದಮೇಲೆ ಅರ್ಜಿ ಹಾಕಿ ಗ್ರೀನ್ ಕಾರ್ಡ್ ಮಾಡಿಸಿದೆ. ಕಳ್ಳದಾರಿಯಲ್ಲಿ ಬಂದವಳಲ್ಲ ಸ್ವಾಮಿ, ಎಲ್ಲಾ ಕಾಗದ ಸರಿ ಇದೆ. ಆದರೂ ಬಡವರ ಮೆಡಿಕೇಡ್‌ಗೆ 1996ರ ವೆಲ್‌ಫೇರ್ ಕಾನೂನು ಐದು ವರ್ಷದ ಬೇಲಿ ಹಾಕಿದೆ. ವಯಸ್ಸಾದವರ ಮೆಡಿಕೇರ್‌ಗೂ ಸತತ ಐದು ವರ್ಷ ಇಲ್ಲಿ ವಾಸ ಮಾಡಿರಬೇಕು. ಆಮೇಲೂ, ತಾನೋ ಗಂಡನೋ ಇಲ್ಲಿ ಹತ್ತು ವರ್ಷ ದುಡಿದು ತೆರಿಗೆ ಕಟ್ಟಿರದಿದ್ದರೆ ಆಸ್ಪತ್ರೆ ಖರ್ಚಿನ ಭಾಗವನ್ನು ದುಡ್ಡು ಕೊಟ್ಟು ಕೊಳ್ಳಬೇಕು. 2025ರಲ್ಲಿ ಅದಕ್ಕೆ ತಿಂಗಳಿಗೆ 518 ಡಾಲರ್ ಇತ್ತು! ಮಗನ ಸಂಬಳದಿಂದ ಪ್ರತಿ ತಿಂಗಳು 1.45% ಮೆಡಿಕೇರ್‌ಗೆ ಹೋಗುತ್ತೆ, ಅದು ತಾಯಿಯ ಲೆಕ್ಕಕ್ಕೆ ಬರಲ್ಲ.

"ಒಂದು ಪೈಸೆ ಕಟ್ಟದವರಿಗೆ ಯಾಕೆ ಕೊಡಬೇಕು?" ಅಂತ ನನ್ನ ಕನ್ನಡದ ಗೆಳೆಯನೇ ಕೇಳಿದ. ಮೆಡಿಕೇರ್ ಮಟ್ಟಿಗೆ ಅವನ ಮಾತು ಒಪ್ಪುತ್ತೇನೆ. ಅವ್ವನನ್ನು ಸಾಕುತ್ತೇನೆ ಅಂತ ಅಫಿಡವಿಟ್‌ಗೆ ಸಹಿ ಹಾಕಿದವನೂ ನಾನೇ. ಆದರೆ ಮೆಡಿಕೇಡ್ ಇರೋದು ಕೈಲಾಗದವರಿಗೆ. ರೋಗ ಐದು ವರ್ಷ ಕಾಯುತ್ತಾ? ಕಾನೂನುಬದ್ಧವಾಗಿ ಬಂದ ಮಕ್ಕಳನ್ನೂ ಬಸುರಿಯರನ್ನೂ ಕಾಯಿಸದೆ ಸೇರಿಸಿಕೊಳ್ಳಬಹುದು ಅಂತ ರಾಜ್ಯಗಳಿಗೆ ಅನುಮತಿ ಸಿಕ್ಕಿದ್ದೇ 2009ರಲ್ಲಿ. ಹದಿಮೂರು ವರ್ಷ ಬೇಕಾಯ್ತು ಇಷ್ಟು ಹೊಳೆಯೋಕೆ. 2025ರ ಜುಲೈ 4ರ ಕಾನೂನಂತೂ ನಿರಾಶ್ರಿತರನ್ನೇ 2026ರ ಅಕ್ಟೋಬರ್‌ನಿಂದ ಮೆಡಿಕೇಡ್‌ನಿಂದ ಹೊರಗಿಡೋ ತೀರ್ಮಾನ ಮಾಡಿತು.

ನಮ್ಮೂರೇನು ಸ್ವರ್ಗ ಅಲ್ಲ. 2018ರ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿನವರಿಗೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ, ಎಪಿಎಲ್ ಆದರೆ ಪ್ಯಾಕೇಜ್ ದರದ 30% ಮಾತ್ರ. ಕಾರ್ಡಿನ ಬಣ್ಣ ನೋಡಿ ರೋಗಿಯನ್ನು ಅಳೆಯೋದು ಅಲ್ಲೂ ಇದೆ. ಆದರೆ "ನೀನು ಬಂದು ಎಷ್ಟು ವರ್ಷ ಆಯ್ತು?" ಅಂತ ಚಳ್ಳಕೆರೆ ದೊಡ್ಡಾಸ್ಪತ್ರೆಯ ಚೀಟಿ ಕೌಂಟರ್‌ನಲ್ಲಿ ನಮ್ಮನ್ನು ಯಾರೂ ಕೇಳಿದ್ದಿಲ್ಲ.

ಸದ್ಯಕ್ಕೆ ಖಾಸಗಿ ವಿಮೆ ಕೊಂಡಿದ್ದೇನೆ. ಕಂತು ನೋಡಿ ಅವ್ವ ಅದನ್ನು ರೂಪಾಯಿಗೆ ಲೆಕ್ಕ ಹಾಕಿದಳು. "ಲೋ, ಇದ್ರಾಗೆ ಎರಡು ಎಮ್ಮೆ ಬರ್ತಿದ್ವು" ಅಂದಳು. ಇನ್ನೂ ಮೂರು ವರ್ಷ ಎರಡು ತಿಂಗಳು ಇದೆ. ನಿಮ್ಮಲ್ಲಿ ಯಾರಾದ್ರೂ ಅಪ್ಪ ಅಮ್ಮನ್ನ ಕರೆಸಿಕೊಂಡಿದ್ರೆ ಹೇಗೆ ನಿಭಾಯಿಸಿದ್ರಿ ಅಂತ ಬರೀರಿ.