ಕಪಾಟಿನ ಕೀಲಿ ಯಾರ ಕೈಯಾಗ?

ಸೈದಾಪುರ: ಊರಿನ ಹಿರಿಯರೊಬ್ಬರು ತೀರಿಕೊಂಡರು ಎನ್ನಿ. ಮಕ್ಕಳೆಲ್ಲ ಹೈದರಾಬಾದು, ಬೆಂಗಳೂರು ಸೇರಿದ್ದಾರೆ. ಮನೆ ಖಾಲಿ ಮಾಡುವಾಗ ನಾಲ್ಕು ಟ್ರಂಕು ಪುಸ್ತಕ, ಹಳೇ ಪತ್ರಿಕೆ, ಕಾಗದಪತ್ರ, ಜೊತೆಗೆ ಒಂದು ಹಳೇ ಕಂಪ್ಯೂಟರ್ ಸಿಗುತ್ತವೆ. ರದ್ದಿಗೆ ಹಾಕಲು ಮನಸ್ಸು ಬಾರದು. "ಊರ ಗ್ರಂಥಾಲಯಕ್ಕೇ ಇರಲಿ ಬಿಡ್ರಿ" ಎಂದು ಆಟೋದಲ್ಲಿ ಹೇರಿ ಕಳಿಸುತ್ತಾರೆ. ಒಳ್ಳೆಯ ಕೆಲಸವೇ. ಆದರೆ ಟ್ರಂಕಿನಲ್ಲಿ ಇರಬಾರದ್ದು ಇದ್ದರೆ ಗ್ರಂಥಪಾಲಕ ಏನು ಮಾಡಬೇಕು?

ಹಾಗೆಲ್ಲ ಎಲ್ಲಿ ಆಗತೈತ್ರೀ ಎನ್ನಬೇಡಿ. ಪಿ.ವಿ. ನಾರಾಯಣ ಅವರ 'ಧರ್ಮಕಾರಣ' ಅಕಾಡೆಮಿ ಬಹುಮಾನ ಪಡೆದ ಕಾದಂಬರಿ. ಬಸವಣ್ಣನವರ ಅಕ್ಕನ ಬಗ್ಗೆ ಬರೆದ ಮಾತುಗಳಿಂದ ಭಕ್ತರ ಮನಸ್ಸಿಗೆ ನೋವಾಯಿತೆಂದು ಗದ್ದಲ ಎದ್ದು, 1997ರಲ್ಲಿ ರಾಜ್ಯ ಸರ್ಕಾರ ಅದನ್ನು ಮುಟ್ಟುಗೋಲು ಹಾಕಿತು. 2007ರಲ್ಲಿ ಸುಪ್ರೀಂ ಕೋರ್ಟು ಸರ್ಕಾರದ ಕ್ರಮವನ್ನು ಎತ್ತಿಹಿಡಿಯಿತು. ಮಾತೆ ಮಹಾದೇವಿಯವರ 'ಬಸವ ವಚನ ದೀಪ್ತಿ'ಯಲ್ಲಿ ಬಸವಣ್ಣನವರ ಅಂಕಿತವನ್ನು 'ಲಿಂಗದೇವ' ಎಂದು ಬದಲಿಸಲಾಗಿತ್ತು. ಅದಕ್ಕೆ 1998ರಲ್ಲಿ ಮುಟ್ಟುಗೋಲು, 2017ರಲ್ಲಿ ಸುಪ್ರೀಂ ಕೋರ್ಟಿನ ಮುದ್ರೆ. ವಚನದ ಪುಸ್ತಕ ಇಲ್ಲದ ಮನೆ ನಮ್ಮ ಕಡೆ ಎಷ್ಟಿವೆ? ಟ್ರಂಕಿನ ತಳದಲ್ಲಿ ಇಂಥದ್ದೊಂದು ಪ್ರತಿ ಇದ್ದರೆ ಆಶ್ಚರ್ಯವಿಲ್ಲ.

ಕಾನೂನು ಸ್ಪಷ್ಟವಾಗಿದೆ. ಮೊದಲು ಅದು ದಂಡ ಪ್ರಕ್ರಿಯಾ ಸಂಹಿತೆಯ 95ನೇ ಕಲಮಾಗಿತ್ತು. 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 98ನೇ ಕಲಂ. ಸರ್ಕಾರದ ಪ್ರಕಟಣೆ ಹೊರಟ ಮೇಲೆ ಪ್ರತಿ ಎಲ್ಲಿ ಸಿಕ್ಕರೂ ಪೊಲೀಸರು ಜಪ್ತಿ ಮಾಡಬಹುದು. ಒಪ್ಪದವರು ಎರಡು ತಿಂಗಳೊಳಗೆ ಹೈಕೋರ್ಟಿಗೆ ಹೋಗಬಹುದು, ಮೂವರು ನ್ಯಾಯಮೂರ್ತಿಗಳು ಕೇಳುತ್ತಾರೆ. ಅಂದರೆ ಪುಸ್ತಕ ಕೆಟ್ಟದ್ದೋ ಅಲ್ಲವೋ ಎಂದು ತೀರ್ಮಾನಿಸುವುದು ಸರ್ಕಾರದ ಆದೇಶ ಮತ್ತು ಕೋರ್ಟು. ಚಹಾದಂಗಡಿ ಕಟ್ಟೆಯ ಮೇಲಿನ ಕೂಗಾಟ ಅಲ್ಲ. ಯಾರೋ ನಾಲ್ಕು ಜನ ಬಂದು ಮೇಜು ಕುಟ್ಟಿದರೆಂದು ಪುಸ್ತಕ ಮುಚ್ಚಿಡುವುದು ತಪ್ಪು, ಸುಡುವುದು ಇನ್ನೂ ತಪ್ಪು. ಬ್ರಿಟಿಷರು ನಿಷೇಧಿಸಿದ್ದ ಸ್ವಾತಂತ್ರ್ಯದ ಹಾಡು, ಕರಪತ್ರಗಳು ದಿಲ್ಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ, ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಉಳಿದಿವೆ. ಎಲ್ಲವನ್ನೂ ಸುಟ್ಟಿದ್ದರೆ ಇವತ್ತು ಆ ಚರಿತ್ರೆಯೇ ಇರುತ್ತಿರಲಿಲ್ಲ.

ಆದರೆ ಎಲ್ಲ ಸರಕಿಗೂ ಇದೇ ತಕ್ಕಡಿ ನಡೆಯದು. ಹಳೇ ಕಂಪ್ಯೂಟರಿನೊಳಗೆ ಮಕ್ಕಳ ಅಶ್ಲೀಲ ಚಿತ್ರ ಸಿಕ್ಕರೆ? ಅಲ್ಲಿ ವಿಚಾರ ಸ್ವಾತಂತ್ರ್ಯದ ಪ್ರಶ್ನೆಯಿಲ್ಲ. ಅದೊಂದು ಮಗುವಿನ ಮೇಲೆ ನಡೆದ ದೌರ್ಜನ್ಯದ ಗುರುತು. ಅಂಥದ್ದನ್ನು ಅಳಿಸದೆ, ತಿಳಿಸದೆ, ಹಂಚುವ ಉದ್ದೇಶದಿಂದ ಇಟ್ಟುಕೊಂಡರೆ 2012ರ ಪೋಕ್ಸೊ ಕಾಯ್ದೆಯ 15ನೇ ಕಲಂ ಪ್ರಕಾರ ಅಪರಾಧ. ಅಳಿಸಲೂ ಇಲ್ಲ, ತಿಳಿಸಲೂ ಇಲ್ಲ ಎಂದರೆ ಉದ್ದೇಶವನ್ನು ಅದರಿಂದಲೇ ಊಹಿಸಬಹುದು ಎಂದು ಸುಪ್ರೀಂ ಕೋರ್ಟು 2024ರ ಸೆಪ್ಟೆಂಬರಿನಲ್ಲಿ ಹೇಳಿದೆ. "ಏನ್ ಮಾಡೋದ್ರೀ ಇದಕ್ಕ?" ಎಂದು ವಾಟ್ಸಾಪ್ ಗುಂಪಿಗೆ ಹಾಕಿ ಸಲಹೆ ಕೇಳಿದರೂ ಹಂಚಿದಂತೆಯೇ. ನಕಲು ಮಾಡದೆ ನೇರ ಠಾಣೆಗೆ ತಿಳಿಸಬೇಕು. ಮಗು ಅಪಾಯದಲ್ಲಿದೆ ಎನಿಸಿದರೆ 1098ಕ್ಕೆ ಫೋನು. ಮೆಮೊರಿ ಕಾರ್ಡಿಗೆ ಹಾಡು ತುಂಬಿಕೊಡುವ ಮೊಬೈಲ್ ಅಂಗಡಿಯವರಿಗೂ ಈ ಮಾತು ಸಲ್ಲುತ್ತದೆ.

ಮೂರನೆಯದು ಯಾರ ಕಣ್ಣಿಗೂ ಬೀಳುವುದಿಲ್ಲ. ಹಳೇ ಕೋರ್ಟು ಕಾಗದ, ದೂರಿನ ನಕಲುಗಳಲ್ಲಿ ಅತ್ಯಾಚಾರಕ್ಕೊಳಗಾದವರ ಹೆಸರು, ಊರು ಇರುತ್ತವೆ. ಅಂಥ ಹೆಸರು ಬಯಲು ಮಾಡುವಂತಿಲ್ಲ ಎಂದು ಕಾನೂನಿದೆ. ಅದೇ ಕಾಗದ ರದ್ದಿಗೆ ಹೋಗಿ, ಸೇಂಗಾ ಪೊಟ್ಟಣವಾಗಿ ಬಸ್ ಸ್ಟ್ಯಾಂಡಿಗೆ ಬಂದರೆ ಆ ಹೆಣ್ಣುಮಗಳ ಗತಿ ಏನು?

ಇಷ್ಟೆಲ್ಲ ಹೊರೆಯನ್ನು ಒಬ್ಬ ಗ್ರಂಥಪಾಲಕನ ಧೈರ್ಯದ ಮೇಲೆ ಬಿಡುವುದು ನ್ಯಾಯವಲ್ಲ. ಗ್ರಾಮ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಬಂದಿವೆ. ಪ್ರತಿ ಗ್ರಂಥಾಲಯದ ಗೋಡೆಯ ಮೇಲೆ ಒಂದು ಪುಟದ ನಿಯಮ ಸಾಕು. ದಾನವಾಗಿ ಬಂದದ್ದನ್ನು ಇಬ್ಬರು ಕೂಡಿ ಬಿಚ್ಚಬೇಕು, ರಿಜಿಸ್ಟರಿನಲ್ಲಿ ಬರೆಯಬೇಕು. ಮುಟ್ಟುಗೋಲಾದ ಪುಸ್ತಕ ಸಿಕ್ಕರೆ ಓದಲು ಕೊಡದೆ, ಮೇಲಿನ ಆದೇಶ ಬರುವ ತನಕ ಕೀಲಿಯೊಳಗೆ ಇಡಬೇಕು. ಹೆಸರಿರುವ ಕಾಗದ ರದ್ದಿಗೆ ಹೋಗಬಾರದು. ಮಕ್ಕಳ ಚಿತ್ರವಾದರೆ ಅದೇ ದಿನ ಠಾಣೆಗೆ ತಿಳಿಸಬೇಕು. ಕೀಲಿ ಯಾರ ಹತ್ತಿರ ಎಂಬುದೂ ಬರಹದಲ್ಲಿರಬೇಕು.

ಕಿರಾಣಿ ಅಂಗಡಿಯಲ್ಲಿ ಇಲಿ ಪಾಷಾಣವನ್ನು ಸಕ್ಕರೆ ಡಬ್ಬಿಯ ಮಗ್ಗುಲಿಗೆ ಯಾರೂ ಇಡುವುದಿಲ್ಲ. ಹಾಗಂತ ಪಾಷಾಣದ ಹೆದರಿಕೆಗೆ ಅಂಗಡಿಯನ್ನೇ ಮುಚ್ಚುವುದೂ ಇಲ್ಲ. ಇಷ್ಟು ತಿಳಿವಳಿಕೆ ಅಂಗಡಿಕಾರನಿಗಿದೆ. ಅವನಿಂದ ಗ್ರಂಥಾಲಯ ಕರ ವಸೂಲಿ ಮಾಡುವವರಿಗೂ ಬರಲಿ.