ಪ್ರಮಾದದಿಂದ ಪ್ರಮೋದಕ್ಕೆ

ಮೊನ್ನೆ ಬೆಳಿಗ್ಗೆ ಬಸದಿಗೆ ಹೊರಟಿದ್ದೆ. ಅಭಿಷೇಕಕ್ಕೆ ಹೊತ್ತಾಗುತ್ತಿತ್ತು. ಕೈ ಹಿಡಿದಿದ್ದ ನಾಲ್ಕು ವರ್ಷದ ಮೊಮ್ಮಗಳು ಅಂಗಳದಲ್ಲಿ ನಿಂತುಬಿಟ್ಟಳು. ‘ಬೇಗ ನಡೆ’ ಎಂದು ಗದರಿದೆ. ಅವಳು ಕದಲಲಿಲ್ಲ. ‘ಅಜ್ಜಾ, ಇರುವೆ!’ ಎಂದಳು. ನಾನೆತ್ತಿದ ಪಾದದ ಕೆಳಗೇ ಇರುವೆಗಳ ಸಾಲು ಸಾಗುತ್ತಿತ್ತು.

ಬದುಕಿಡೀ ಮಕ್ಕಳಿಗೆ ಪಾಠ ಹೇಳಿದವನು ಅಂದು ಪಾಠ ಕೇಳಿದೆ. ನೆಲವನ್ನು ನೋಡಿ ಹೆಜ್ಜೆಯಿಡುವ ಈರ್ಯಾಸಮಿತಿಯು ಮುನಿಗಳ ಐದು ಸಮಿತಿಗಳಲ್ಲಿ ಮೊದಲನೆಯದು. ಪ್ರಮಾದ, ಅಂದರೆ ಎಚ್ಚರಗೇಡಿತನವೇ ಹಿಂಸೆಯ ಮೂಲವೆಂದು ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರ ತಿಳಿಸುತ್ತದೆ. ಜಿನದರ್ಶನದ ಆತುರವೂ ಪ್ರಮಾದವಾಗಬಲ್ಲದು.

ಅದೇ ಗ್ರಂಥವು ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯವೆಂಬ ನಾಲ್ಕು ಭಾವನೆಗಳನ್ನು ಬೋಧಿಸುತ್ತದೆ. ಗುಣದಲ್ಲಿ ಹಿರಿಯರಾದವರನ್ನು ಕಂಡು ಹರ್ಷಿಸುವುದೇ ಪ್ರಮೋದ. ಆ ಹಿರಿತನಕ್ಕೆ ವಯಸ್ಸಿನ ಹಂಗಿಲ್ಲ. ಮಕ್ಕಳಿಗೆ ಪಂಚನಮಸ್ಕಾರ ಮಂತ್ರವನ್ನು ಬಾಯಿಪಾಠ ಮಾಡಿಸುವ ಶ್ರಾವಕರಾದ ನಾವು, ಅವರಲ್ಲಿ ಆಗಲೇ ಮೊಳೆತಿರುವ ದಯೆಯನ್ನು ಗುರುತಿಸಿ ಸಂತೋಷಪಡುವುದನ್ನು ಮರೆಯುತ್ತೇವೆ. ನಮ್ಮ ಗದರಿಕೆಗೆ ಆ ಮೊಳಕೆ ಬಾಡೀತು. ನಮ್ಮ ಮೆಚ್ಚುಗೆಗೆ ಅದು ಮರವಾದೀತು.

ಮೊಮ್ಮಗಳಲ್ಲಿ ಕ್ಷಮೆ ಕೇಳಿದೆ. ಇರುವೆಯ ಸಾಲನ್ನು ಬಳಸಿ, ನೆಲ ನೋಡುತ್ತಾ ನಿಧಾನವಾಗಿ ನಡೆದೆವು. ಬಸದಿ ಸೇರುವಷ್ಟರಲ್ಲಿ ಅಭಿಷೇಕ ಮುಗಿದಿತ್ತು. ಇಬ್ಬರೂ ಗಂಧೋದಕವನ್ನು ಹಣೆಗಿಟ್ಟುಕೊಂಡೆವು. ತಪ್ಪಿಹೋದುದರ ಕೊರಗು ನನ್ನಲ್ಲಿರಲಿಲ್ಲ.